ಬ್ಲೇಡು ಚಕ್ರದಿಂದ ಜಾರುವುದಿಲ್ಲವೇಕೆ?

ಹಿತ್ತಲಿನ ಹಲಸಿನ ಮರ ಒಂದು ಆಷಾಢದ ಗಾಳಿಗೆ ಬುಡಮೇಲಾಯಿತು. ಸಾ ಮಿಲ್ಲಿನಲ್ಲಿ ಅದನ್ನು ಎರಡೂವರೆ ಅಂಗುಲ ದಪ್ಪದ ಹಲಗೆಗಳಾಗಿ ಸೀಳಿಸಿ, ಕೊಟ್ಟಿಗೆಯ ಅಟ್ಟದ ಮೇಲೆ ನಡುನಡುವೆ ರೀಪು ಕೊಟ್ಟು ಪೇರಿಸಿ, ಎರಡು ಮಳೆಗಾಲ ಕಾದೆ. ಅಷ್ಟು ಹೊತ್ತಿಗೆ ಕೆಲಸದಿಂದ ನಿವೃತ್ತಿಯೂ ಆಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತವಿಜ್ಞಾನ ಕಲಿಸಿದವನಿಗೆ ಮರದ ಪೆಟ್ಟಿಗೆ, ಮಣೆ ಮಾಡುವ ಆಸೆ ಮೊದಲಿನಿಂದಲೂ ಇತ್ತು. ಸಾಗರದಲ್ಲಿ ಒಬ್ಬರು ಅಂಗಡಿ ಮುಚ್ಚುತ್ತಿದ್ದರು. ಅವರಿಂದ ಹದಿನಾಲ್ಕು ಅಂಗುಲದ ಹಳೆಯ ಬ್ಯಾಂಡ್ ಸಾ ಮಿಷನ್ ಕೊಂಡು ತಂದೆ.

ಮೊದಲ ದಿನವೇ ಹಲಗೆಯೊಂದರ ಅಂಚಿನ ಮೇಲೆ ಉದ್ದಕ್ಕೂ ಪೆನ್ಸಿಲ್ಲಿನಿಂದ ಗೀಟು ಹಾಕಿ ಕೊಯ್ಯಲು ಇಳಿದೆ. ಗೀಟಿನ ಮೇಲೆಯೇ ಶುರುವಾದ ಕೊಯ್ತ ಒಂದಡಿ ದಾಟುವುದರೊಳಗೆ ಗೀಟು ಬಿಟ್ಟು ಎಡಕ್ಕೆ ಹೊರಟಿತು. ಬಲವಂತವಾಗಿ ತಿರುಗಿಸಿದರೆ ಬ್ಲೇಡು ಕಿರುಗುಟ್ಟಿತು, ಮರ ಸುಟ್ಟ ವಾಸನೆ ಬಂತು. ಕೊನೆಗೆ ಕೈಗೆ ಸಿಕ್ಕ ಹಲಗೆಯ ಒಂದು ತುದಿ ಆರು ಮಿಲಿಮೀಟರ್, ಇನ್ನೊಂದು ತುದಿ ಕಾಗದದಷ್ಟು ತೆಳು. ಎರಡು ವರ್ಷ ಒಣಗಿಸಿದ ಮರ ಹೀಗೆ ಹಾಳಾದಾಗ ಹೊಟ್ಟೆ ಉರಿಯಿತು.

ಬ್ಯಾಂಡ್ ಸಾ ಕಂಡಿರದವರಿಗೆ ಅದರ ಮೈಕಟ್ಟು ಹೇಳಿಬಿಡುತ್ತೇನೆ. ಒಂದರ ಮೇಲೊಂದು ಎರಡು ಚಕ್ರ. ಎರಡರ ಸುತ್ತಲೂ ಮಾಲೆಯಂತೆ ಒಂದು ಉಕ್ಕಿನ ಪಟ್ಟಿ. ಪಟ್ಟಿಯ ಒಂದು ಅಂಚಿನಲ್ಲಿ ಗರಗಸದ ಹಲ್ಲು. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ, ಮೇಲಿನದು ಬ್ಲೇಡಿನ ಎಳೆತಕ್ಕೇ ತಿರುಗುತ್ತದೆ. ಮಿಷನ್ನಿನ ಅಳತೆಯನ್ನು ಚಕ್ರದ ವ್ಯಾಸದಿಂದಲೇ ಹೇಳುವುದು. ಹದಿನಾಲ್ಕು ಅಂಗುಲದ ಮಿಷನ್ನಿಗೆ ಸಾಮಾನ್ಯವಾಗಿ 93½ ಅಂಗುಲ ಸುತ್ತಳತೆಯ ಬ್ಲೇಡು. ಅದು ನಿಮಿಷಕ್ಕೆ ಸುಮಾರು 3000 ಅಡಿ ಓಡುತ್ತದೆ, ಅಂದರೆ ಗಂಟೆಗೆ 55 ಕಿಲೋಮೀಟರ್ ವೇಗ. ಒಂದು ಸೆಕೆಂಡಿನಲ್ಲಿ ಇಡೀ ಬ್ಲೇಡು ಆರು ಸಲ ಸುತ್ತಿ ಬರುತ್ತದೆ. ದಪ್ಪ ಕೇಳಿದರೆ ಒಂದು ಮಿಲಿಮೀಟರಿನ ಮುಕ್ಕಾಲು ಪಾಲೂ ಇಲ್ಲ, ಅಗಲ ಅರ್ಧ ಅಂಗುಲ. ಚಕ್ರಗಳ ಅಂಚಿಗೆ ಸೈಕಲ್ ರಿಮ್ಮಿಗಿರುವಂಥ ಏಣು ಇಲ್ಲ. ಆ ಕಡೆ ಈ ಕಡೆ ಹಿಡಿಯುವ ಗೋಡೆಯೇ ಇಲ್ಲದ ಚಕ್ರದ ಮೇಲೆ ಅಷ್ಟು ವೇಗದಲ್ಲಿ ಓಡುವ ಪಟ್ಟಿ ಜಾರಿ ಬೀಳುವುದಿಲ್ಲ. ಯಾಕೆ ಎನ್ನುವುದು ತಿಳಿಯದೆ ಈ ಮಿಷನ್ನಿನ ಒಂದು ಸ್ಕ್ರೂವನ್ನೂ ಮುಟ್ಟಬಾರದು. ನಾನು ಮುಟ್ಟಿದೆ. ಭಾನುವಾರವಿಡೀ ಸಿಕ್ಕಸಿಕ್ಕ ತಿರುಪುಗಳನ್ನು ತಿರುಗಿಸಿ, ಮೊದಲಿಗಿಂತ ಕೆಟ್ಟ ಸ್ಥಿತಿಗೆ ತಂದು ನಿಲ್ಲಿಸಿದೆ.

ಸೋಮವಾರ ಬೆಳಿಗ್ಗೆ ಹೋಗಿ ನಮ್ಮ ಕೇರಿಯ ಹಿರಿಯ ಆಚಾರ್ರನ್ನು ಕರೆದುಕೊಂಡು ಬಂದೆ. ಅವರು ಮಿಷನ್ನಿನ ಬಾಗಿಲು ತೆಗೆದು, ಪ್ಲಗ್ಗು ಕಿತ್ತಿದೆಯೇ ಎಂದು ಎರಡು ಸಲ ನೋಡಿ, ಮೇಲಿನ ಚಕ್ರವನ್ನು ಬೆರಳಿನಲ್ಲಿ ನಿಧಾನವಾಗಿ ತಿರುಗಿಸಿದರು.

"ಮೇಷ್ಟ್ರೇ, ಇದಕ್ಕೆ ಏನೇನು ಮಾಡಿದ್ರಿ?"

"ಎಲ್ಲ ಸ್ಕ್ರೂನೂ ಒಂದೊಂದ್ಸಲ ತಿರುಗಿಸಿದೀನಿ ಆಚಾರ್ರೇ."

"ಹಂಗಾದ್ರೆ ಎಲ್ಲಾನೂ ಬಿಚ್ಚಿ ಮೊದಲಿಂದ ಶುರು ಮಾಡಾಣ. ಚಾ ತರಿಸಿ."

ಚಾ ಕುಡಿಯುತ್ತ ಅವರು ತಮ್ಮ ತಂದೆಯ ಕಾಲದ ಗರಗಸದ ಮಾತು ತೆಗೆದರು. ಮಲೆನಾಡಿನ ಹಳಬರು ಅದನ್ನು ಕಂಡಿರುತ್ತಾರೆ. ದಿಮ್ಮಿಯನ್ನು ಎತ್ತರದ ಕತ್ತರಿಗಾಲಿನ ಮೇಲೆ ಏರಿಸಿ, ಇದ್ದಿಲ ಮಸಿಯಲ್ಲಿ ಅದ್ದಿದ ದಾರ ಮಿಡಿದು ಗೀಟು ಹಾಕಿ, ಒಬ್ಬ ದಿಮ್ಮಿಯ ಮೇಲೆ, ಒಬ್ಬ ಕೆಳಗೆ ನಿಂತು ಉದ್ದದ ಗರಗಸ ಎಳೆಯುತ್ತಿದ್ದರು. ಮೇಲಿನವನಿಗೆ ಮೇಲಿನ ಗೀಟು ಕಾಣುತ್ತದೆ, ಕೆಳಗಿನವನಿಗೆ ಅಡಿಯ ಗೀಟು. ಇಬ್ಬರಲ್ಲಿ ಒಬ್ಬ ಒಂದು ಬೆರಳು ಓರೆಯಾಗಿ ನಿಂತರೂ ಹಲಗೆ ತಿರುಚಿಕೊಳ್ಳುತ್ತಿತ್ತು. ಆದರೆ ಅವರಿಗೆ ಕಣ್ಣಿತ್ತು, ಒಬ್ಬರಿಗೊಬ್ಬರು ಕೂಗಿ ಹೇಳಿ ಸರಿ ಮಾಡಿಕೊಳ್ಳುತ್ತಿದ್ದರು. "ಈ ಎರಡು ಚಕ್ರಕ್ಕೆ ಕಣ್ಣಿಲ್ಲ, ನಾವೇ ನೋಡಿ ನಿಲ್ಲಿಸ್ಬೇಕು" ಎಂದರು ಆಚಾರ್ರು. ಅನಂತರ ಓದಿದ ಯಾವ ಪುಸ್ತಕದಲ್ಲೂ ಈ ಮಿಷನ್ನಿನ ಬಗ್ಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಗಲಿಲ್ಲ.

ಕೊನೆಯಿಲ್ಲದ ಗರಗಸದ ಯೋಚನೆ ಹಳೆಯದು. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲೇ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಪಟ್ಟಿಯ ಎರಡು ತುದಿಯನ್ನು ಸೇರಿಸಿದ ಬೆಸುಗೆ ಚಕ್ರದ ಮೇಲೆ ಬಾಗಿ ಬಾಗಿ ತುಂಡಾಗುತ್ತಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೌಲಿನ್ ಕ್ರೆಪ್ಯಾಂ ಎಂಬ ಮಹಿಳೆ ಬಾಳಿಕೆ ಬರುವ ಬೆಸುಗೆಯ ದಾರಿ ಕಂಡುಹಿಡಿದರು. ಪ್ಯಾರಿಸ್ಸಿನ ಪೆರ‍್ಯಾಂ ಕಂಪನಿ ಅದನ್ನು ತೆಗೆದುಕೊಂಡು, ಒಳ್ಳೆಯ ಉಕ್ಕನ್ನೂ ಸೇರಿಸಿ, ಬಳಕೆಗೆ ಬರುವ ಮಿಷನ್ ಮಾಡಿತು. ಈ ಇಡೀ ಯಂತ್ರದ ಹಣೆಬರಹ ಒಂದು ಬೆಸುಗೆಯಲ್ಲಿ ನಿಂತಿತ್ತು ಎನ್ನುವುದು ನೆನಪಿರಲಿ. ಆ ಬೆಸುಗೆ ನನ್ನ ಕೊಟ್ಟಿಗೆಯಲ್ಲೂ ಕಾಟ ಕೊಟ್ಟಿತು.

ಈಗ ಜಾರದಿರುವ ಗುಟ್ಟಿಗೆ ಬರೋಣ. ಚಕ್ರದ ಅಂಚಿಗೆ ರಬ್ಬರಿನ ಟೈರು ಇರುತ್ತದೆ. ಅದರ ಮೇಲೆ ಅಡ್ಡಲಾಗಿ ಬೆರಳಾಡಿಸಿದರೆ ನಡುವೆ ಸಣ್ಣ ಉಬ್ಬು ಸಿಗುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ, ಅಷ್ಟು ಸಣ್ಣದು. ಬ್ಲೇಡನ್ನು ಹಿಡಿದಿಡುವುದು ಈ ಉಬ್ಬು.

ಕೇಳಿದರೆ ತಲೆಕೆಳಗಾದ ಮಾತು ಅನ್ನಿಸುತ್ತದೆ. ದಿಬ್ಬದ ಮೇಲಿಟ್ಟದ್ದು ಇಳಿಜಾರಿಗೆ ಉರುಳಬೇಕಲ್ಲವೇ? ನನ್ನ ವಿದ್ಯಾರ್ಥಿಗಳೂ ಹೀಗೆಯೇ ಕೇಳುತ್ತಿದ್ದರು. ಉತ್ತರ ಬೇಕಿದ್ದರೆ ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತನ್ನಿ. ಬಾಯಿ ಅಗಲ, ತಳ ಕಿರಿದಾದ ಲೋಟವೇ ಆಗಬೇಕು. ಅರ್ಧ ಅಂಗುಲ ಅಗಲದ ನೇರವಾದ ಕಾಗದದ ಪಟ್ಟಿಯ ತುದಿಯನ್ನು ಲೋಟದ ನಡುಭಾಗಕ್ಕೆ ಅಡ್ಡಲಾಗಿ ಅಂಟಿಸಿ, ಸುಕ್ಕಾಗದಂತೆ ಸುತ್ತುತ್ತ ಹೋಗಿ. ಪಟ್ಟಿ ಮೊದಲಿನ ಜಾಗಕ್ಕೆ ವಾಪಸು ಬರುವುದಿಲ್ಲ. ಲೋಟದ ಬಾಯಿಯ ಕಡೆಗೆ, ಅಂದರೆ ಅಗಲವಾದ ಕಡೆಗೆ, ತಾನಾಗಿ ಏರುತ್ತದೆ. ಪಟ್ಟಿಯನ್ನು ದಪ್ಪದ ದಿಕ್ಕಿನಲ್ಲಿ ಸುಲಭವಾಗಿ ಬಾಗಿಸಬಹುದು, ಅಗಲದ ದಿಕ್ಕಿನಲ್ಲಿ ಬಾಗಿಸಲಾಗದು. ಹಾಗಾಗಿ ಅದು ಇಳಿಜಾರಾದ ಮೈಮೇಲೆ ತನ್ನ ನೇರವನ್ನು ಉಳಿಸಿಕೊಳ್ಳಲು ಹೋಗಿ ಅಗಲದ ಕಡೆ ಸರಿಯುತ್ತದೆ. ಈಗ ಎರಡು ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಜೋಡಿಸಿದಂತೆ ಕಲ್ಪಿಸಿಕೊಳ್ಳಿ. ಪಟ್ಟಿ ಈ ಕಡೆಯಿಂದಲೂ ನಡುವಿಗೇ ಏರುತ್ತದೆ, ಆ ಕಡೆಯಿಂದಲೂ ನಡುವಿಗೇ. ಟೈರಿನ ಉಬ್ಬು ಎಂದರೆ ಅಷ್ಟೇ.

ಇದನ್ನು ನಾವೆಲ್ಲ ಚಿಕ್ಕಂದಿನಲ್ಲೇ ನೋಡಿದ್ದೇವೆ. ಅಕ್ಕಿಹಿಟ್ಟಿನ ಡಬ್ಬ ಹಿಡಿದು ಗಿರಣಿಯಲ್ಲಿ ಕಾಯುವಾಗ ಆ ಉದ್ದನೆಯ ಚಪ್ಪಟೆ ಬೆಲ್ಟು ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ಓಡುತ್ತಿತ್ತಲ್ಲ, ಅದೂ ಬೀಳುತ್ತಿರಲಿಲ್ಲ. ಅಲ್ಲಿನ ಪುಲ್ಲಿಯ ನಡುವೆಯೂ ಇಂಥದೇ ಉಬ್ಬಿತ್ತು. ಬೆಲ್ಟಿನ ತುದಿಗಳನ್ನು ಸೇರಿಸಿದ ಕ್ಲಿಪ್ಪು ಪುಲ್ಲಿಗೆ ಬಡಿದಾಗಲೆಲ್ಲ ಬರುತ್ತಿದ್ದ ಟಕ್, ಟಕ್ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಬ್ಯಾಂಡ್ ಸಾದಲ್ಲಿ ಉಬ್ಬಿನ ಜೊತೆಗೆ ಇನ್ನೊಂದು ಹಿಡಿತವಿದೆ. ಮೇಲಿನ ಚಕ್ರವನ್ನು ಅದರ ಹಿಂದಿರುವ ಒಂದು ತಿರುಪಿನಿಂದ ಮುಂದಕ್ಕೂ ಹಿಂದಕ್ಕೂ ವಾಲಿಸಬಹುದು. ಚಕ್ರದ ನೆತ್ತಿ ಹಿಂದಕ್ಕೆ ವಾಲಿದರೆ ಬ್ಲೇಡು ಹಿಂದಕ್ಕೆ ಸರಿಯುತ್ತದೆ, ಮುಂದಕ್ಕೆ ವಾಲಿದರೆ ಮುಂದಕ್ಕೆ. ಉಬ್ಬು ನಡುವಿಗೆ ಕರೆಯುತ್ತದೆ, ವಾಲು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತದೆ. ಆದರೆ ಕೆಳಗಿನ ಚಕ್ರಕ್ಕೂ ಅದರದೇ ಉಬ್ಬಿದೆ, ಅದೂ ಬ್ಲೇಡನ್ನು ತನ್ನ ನಡುವಿಗೆ ಕರೆಯುತ್ತದೆ. ಎರಡು ಚಕ್ರಗಳೂ ಒಂದೇ ಮಟ್ಟದಲ್ಲಿ, ಒಂದೇ ಗೋಡೆಗೆ ತಗುಲಿಸಿದ ಎರಡು ತಟ್ಟೆಗಳಂತೆ ನಿಂತಿದ್ದರೆ ಎರಡರ ಕರೆಯೂ ಒಂದೇ. ಒಂದು ಮುಂದೆ, ಒಂದು ಹಿಂದೆ ಇದ್ದರೆ ಬ್ಲೇಡು ಸುತ್ತಿ ಬಂದಾಗಲೆಲ್ಲ ಇಬ್ಬರ ಜಗಳ ತೀರಿಸಬೇಕು. ಆಗ ಮೇಲಿನ ಚಕ್ರವನ್ನು ಅತಿಯಾಗಿ ವಾಲಿಸಿ ಸರಿದೂಗಿಸುತ್ತೇವೆ. ಬ್ಲೇಡಿನ ಒಂದು ಅಂಚು ಬಿಗಿಯಾಗುತ್ತದೆ, ಇನ್ನೊಂದು ಸಡಿಲ. ಹಲ್ಲಿರುವ ಅಂಚು ಸಡಿಲವಾದರೆ ಅದು ಮರದಲ್ಲಿ ಕಂಡ ಕಡೆಗೆ ನುಸುಳುತ್ತದೆ. ನನ್ನ ಹಲಗೆಗೆ ಆದದ್ದು ಇದೇ.

ಆಚಾರ್ರು ಮೊದಲು ಮಾಡಿದ ಕೆಲಸ ಅಳತೆಯದಲ್ಲ, ತೊಳೆಯುವುದು. ಕೆಳಗಿನ ಟೈರಿನ ಮೇಲೆ ಹಸಿಮರದ ಅಂಟು ಮತ್ತು ಹೊಟ್ಟು ಸೇರಿ ಗಟ್ಟಿಯಾದ ಪದರ ಕೂತಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದರ ಅಡಿಯಲ್ಲಿ ಉಬ್ಬು ಮುಚ್ಚಿಯೇ ಹೋಗಿತ್ತು. ಮರದ ಚಕ್ಕೆಯಿಂದ ಕೆರೆದು, ಬಟ್ಟೆಯಲ್ಲಿ ಒರೆಸಿದೆವು. ಬೇರಿಂಗಿನಲ್ಲಿ ಆಟವಿದೆಯೇ ಎಂದು ಚಕ್ರದ ಅಂಚು ಹಿಡಿದು ಅಲುಗಿಸಿ ನೋಡಿದರು. ಬ್ಲೇಡಿನ ಎಡಬಲಕ್ಕೂ ಹಿಂದಕ್ಕೂ ಇರುವ ಗೈಡುಗಳನ್ನು ದೂರ ಸರಿಸಿದರು. ಗೈಡು ಬ್ಲೇಡಿಗೆ ತಾಗಿಕೊಂಡಿದ್ದರೆ ಚಕ್ರ ಏನು ಹೇಳುತ್ತಿದೆ ಎಂದು ತಿಳಿಯುವುದಿಲ್ಲ. ನಾನು ಭಾನುವಾರ ಗೈಡುಗಳಿಂದ ಬ್ಲೇಡನ್ನು ಒತ್ತಿಹಿಡಿದು ನೇರ ಮಾಡಲು ನೋಡಿದ್ದೆ. ಅಡ್ಡದಾರಿ ಹಿಡಿಯುವವರೆಲ್ಲ ಮಾಡುವ ತಪ್ಪು ಅದು.

ಅಳತೆಗೆ ಉದ್ದನೆಯ ಮಟ್ಟಗೋಲು ಬೇಕು. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ನಾವು ಒಣಗಿದ ಸಾಗುವಾನಿಯ ರೀಪೊಂದರ ಅಂಚಿಗೆ ಹತ್ತರಿ ಹೊಡೆದು ಮಾಡಿಕೊಂಡೆವು. ಅದು ನಿಜಕ್ಕೂ ನೇರವಾಗಿದೆಯೇ ಎಂದು ತಿಳಿಯಲು ಬೇರೆ ಮಟ್ಟಗೋಲು ಬೇಡ. ಪ್ಲೈವುಡ್ಡಿನ ಮೇಲಿಟ್ಟು ಚೂಪು ಪೆನ್ಸಿಲ್ಲಿನಿಂದ ಗೀಟೆಳೆದು, ಕೋಲನ್ನು ಮಗುಚಿ ಅದೇ ಅಂಚಿನಿಂದ ಅದೇ ಜಾಗದಲ್ಲಿ ಇನ್ನೊಂದು ಗೀಟೆಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಕೋಲು ನೇರ. ನಡುವೆ ಬಾಯಿ ಬಿಟ್ಟರೆ, ಆ ಬಾಯಿಯ ಅರ್ಧದಷ್ಟು ಕೋಲು ಡೊಂಕು.

ಅನಂತರ ಟೇಬಲ್ಲು ಬಿಚ್ಚಿಟ್ಟು, ಬ್ಲೇಡು ಏರಿಸಿ, ಎಳೆತ ಕೊಟ್ಟರು. ನಾನು ತಡೆದೆ. ಮೊದಲು ಅಳೆದು ಆಮೇಲೆ ಬಿಗಿ ಮಾಡಿದರೆ ಸುಲಭವಲ್ಲವೇ ಎಂದೆ. ಬಿಗಿ ಮಾಡಿಯೇ ಅಳೆಯಬೇಕು ಎಂದು ಆಚಾರ್ರು ತಲೆಯಾಡಿಸಿದರು. ಅವರ ಮಾತಿನ ತೂಕ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಅರ್ಧ ಅಂಗುಲದ ಬ್ಲೇಡನ್ನು ಸರಿಯಾಗಿ ಬಿಗಿ ಮಾಡಿದರೆ ಎರಡೂ ಬದಿಯ ಎಳೆತ ಸೇರಿ ಮೇಲಿನ ಚಕ್ರವನ್ನು ಕೆಳಕ್ಕೆ ಜಗ್ಗುವ ಬಲ ಒಂದು ಕ್ವಿಂಟಲ್ ತೂಕವನ್ನು ಮೀರುತ್ತದೆ. ಅಕ್ಕಿಯ ಮೂಟೆಯನ್ನು ಆ ಚಕ್ರಕ್ಕೆ ನೇತುಹಾಕಿದ ಹಾಗೆ. ಚಕ್ರ ಕೂತಿರುವುದು ಒಂದೇ ಬದಿಯಿಂದ ಚಾಚಿದ ತೋಳಿನ ಮೇಲೆ. ಎರಕದ ಕಬ್ಬಿಣವೂ ಅಷ್ಟಕ್ಕೆ ಸ್ವಲ್ಪ ಬಾಗುತ್ತದೆ, ಚಕ್ರದ ಅಚ್ಚೂ ಸ್ವಲ್ಪ ವಾಲುತ್ತದೆ. ಸಡಿಲವಾಗಿದ್ದಾಗ ಕೂದಲೆಳೆಯಷ್ಟೂ ತಪ್ಪಿಲ್ಲದೆ ಜೋಡಿಸಿದ ಚಕ್ರಗಳು ಬಿಗಿ ಮಾಡಿದೊಡನೆ ಬೇರೆ ಕಡೆ ನೋಡುತ್ತವೆ. ಆದ್ದರಿಂದ ಅಳತೆ ಯಾವತ್ತೂ ಬಿಗಿಯಲ್ಲೇ ಆಗಬೇಕು, ಯಾವ ಬ್ಲೇಡಿನಿಂದ ಕೆಲಸ ಮಾಡುತ್ತೀರೋ ಅದೇ ಬ್ಲೇಡಿನ ಬಿಗಿಯಲ್ಲಿ.

ಕೋಲನ್ನು ಎರಡೂ ಚಕ್ರಗಳ ಮುಖಕ್ಕೆ ಮೇಲಿಂದ ಕೆಳಕ್ಕೆ ಒರಗಿಸಿದೆವು. ನಡುವಿನ ಗುಬುಟು ಅಡ್ಡ ಬರುವುದರಿಂದ ಅದರ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ. ಒಂದೊಂದು ಚಕ್ರದ ರಿಮ್ಮು ಮೇಲೊಂದು ಕಡೆ, ಕೆಳಗೊಂದು ಕಡೆ ಕೋಲಿಗೆ ತಾಗಬೇಕು. ನಾಲ್ಕೂ ತಾಗಿದರೆ ಕೆಲಸವೇ ಇಲ್ಲ. ನಮ್ಮಲ್ಲಿ ಕೆಳಗಿನ ಚಕ್ರ ಎರಡೂ ಕಡೆ ತಾಗಿತು. ಮೇಲಿನದರಲ್ಲಿ ನೆತ್ತಿಯ ಸಂದು ಹೆಚ್ಚು, ಕೆಳ ಅಂಚಿನ ಸಂದು ಕಡಿಮೆ. ವಾಲು ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎರಡೂ ಸಂದು ಸಮವಾಗುವಂತೆ ಮಾಡಿದರು. ಈಗ ಚಕ್ರಗಳು ಒಂದಕ್ಕೊಂದು ಸಮಾನಾಂತರ, ಆದರೆ ಮೇಲಿನದು ಒಂದು ನೂಲು ಹಿಂದೆ. ನಮ್ಮ ಕಡೆಯ ಬಡಗಿಗಳ ನೂಲೆಂದರೆ ಅಂಗುಲದ ಎಂಟನೇ ಒಂದು ಪಾಲು, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಬ್ಲೇಡು ಸಡಿಲಿಸಿ, ಚಕ್ರ ಕಳಚಿ, ಅಚ್ಚಿನ ಮೇಲೆ ಚಕ್ರದ ಹಿಂದೆ ಎರಡು ತೆಳು ವಾಷರ್ ಹಾಕಿ ಮತ್ತೆ ಕೂರಿಸಿ, ಮತ್ತೆ ಬಿಗಿ ಮಾಡಿ ಅಳೆದೆವು. ನಾಲ್ಕೂ ಕಡೆ ತಾಗಿತು.

ಎಡಬಲ ಎರಡೂ ಕಡೆ ಅಳೆಯುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬಾರದು. ಎಡದಲ್ಲಿ ತಾಗಿ ಬಲದಲ್ಲಿ ಸಂದು ಬಿಟ್ಟರೆ ಒಂದು ಚಕ್ರ ಬಾಗಿಲು ತೆರೆದಂತೆ ಪಕ್ಕಕ್ಕೆ ತಿರುಗಿದೆ ಎಂದರ್ಥ. ಆಗ ಬ್ಲೇಡು ಮೇಲಿನಿಂದ ಕೆಳಕ್ಕೆ ಬರುವಾಗ ತಿರುಚಿಕೊಳ್ಳುತ್ತದೆ. ಕೆಲವು ದೊಡ್ಡ ಮಿಷನ್‌ಗಳಲ್ಲಿ ಕೆಳಗಿನ ಅಚ್ಚಿನ ಸುತ್ತ ಸ್ಕ್ರೂಗಳಿದ್ದು ಅದನ್ನು ತಿದ್ದಬಹುದು. ನನ್ನಂಥ ಸಣ್ಣ ಮಿಷನ್ನಿನಲ್ಲಿ ಕೆಳಗಿನ ಅಚ್ಚು ಅಲ್ಲಾಡದಂತೆ ಕೂತಿದೆ.

ಇಷ್ಟೆಲ್ಲ ಬೇಕೇ ಎನ್ನುವವರೂ ಇದ್ದಾರೆ. ಬ್ಯಾಂಡ್ ಸಾ ಬಗ್ಗೆ ಪುಸ್ತಕವನ್ನೇ ಬರೆದ ಅಮೆರಿಕದ ಮಾರ್ಕ್ ಡುಗಿನ್‌ಸ್ಕಿ ಚಕ್ರಗಳು ಒಂದೇ ಮಟ್ಟದಲ್ಲಿರಬೇಕೆಂದು ಒತ್ತಿ ಹೇಳಿದವರು. ಟೈರಿನ ಉಬ್ಬು ಮತ್ತು ವಾಲು ಸೇರಿ ಬ್ಲೇಡನ್ನು ಹೇಗೂ ನಿಲ್ಲಿಸುತ್ತವೆ, ಚಕ್ರಕ್ಕೆ ಕೈ ಹಾಕುವುದೇ ಬೇಡ ಎನ್ನುವ ಅನುಭವಸ್ಥರೂ ಬಹಳ. ನನ್ನ ಮಟ್ಟಿಗೆ ಇದರ ತೀರ್ಮಾನ ಬ್ಲೇಡಿನ ಅಗಲದಲ್ಲಿದೆ. ಕಾಲಂಗುಲದ ಸಣ್ಣ ಬ್ಲೇಡು ಹಾಕಿ ಆಟಿಕೆಗೋ ಕುರ್ಚಿಯ ಬೆನ್ನಿಗೋ ಬಳುಕು ಕೊಯ್ಯುವವರಿಗೆ ಒಂದು ನೂಲಿನ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆ ಬ್ಲೇಡು ಮೆತ್ತಗೆ ಬಾಗುತ್ತದೆ, ಉಬ್ಬಿನ ಮೇಲೆ ಕೂತುಬಿಡುತ್ತದೆ. ಅರ್ಧ ಅಂಗುಲ, ಮುಕ್ಕಾಲು ಅಂಗುಲದ ಬ್ಲೇಡು ಹಾಕಿ ಅಗಲದ ಹಲಗೆಯನ್ನು ನಿಲ್ಲಿಸಿ ಸೀಳುವವರು ಮಾತ್ರ ಅಳೆಯಲೇಬೇಕು. ಮಿಷನ್ ಚೆನ್ನಾಗಿ ಕೊಯ್ಯುತ್ತಿದ್ದರೆ ಯಾರ ಮಾತು ಕೇಳಿಯೂ ವಾಷರ್ ಹಾಕಲು ಹೋಗಬೇಡಿ.

ಚಕ್ರ ಸರಿಯಾದ ಮೇಲೂ ನಮ್ಮ ಕಷ್ಟ ಮುಗಿಯಲಿಲ್ಲ. ಕೈಯಲ್ಲಿ ತಿರುಗಿಸಿದಾಗ ಬ್ಲೇಡು ಒಂದೇ ಜಾಗದಲ್ಲಿ ಓಡದೆ ಆಗಾಗ ಹಿಂದಕ್ಕೆ ಜಿಗಿದು ಮುಂದಕ್ಕೆ ಬರುತ್ತಿತ್ತು. ನನ್ನ ಕೈ ಮತ್ತೆ ವಾಲು ತಿರುಪಿಗೆ ಹೋಯಿತು. ಆಚಾರ್ರು ಕೈ ಹಿಡಿದರು. ಸೀಮೆಸುಣ್ಣ ಕೇಳಿದರು. ಮೇಷ್ಟ್ರ ಮನೆಯಲ್ಲಿ ಅದಕ್ಕೇನು ಬರ! ಚಕ್ರದ ಮೇಲೊಂದು ಗುರುತು, ಬ್ಲೇಡಿನ ಬೆಸುಗೆಯ ಮೇಲೊಂದು ಗುರುತು ಹಾಕಿ ನಿಧಾನವಾಗಿ ತಿರುಗಿಸಿದರು. ಚಕ್ರದ ಸುತ್ತಳತೆ 44 ಅಂಗುಲ, ಬ್ಲೇಡಿನದು 93½. ಚಕ್ರ ಎರಡು ಸುತ್ತು ತಿರುಗಿ ಇನ್ನೂ ಸ್ವಲ್ಪ ಮುಂದೆ ಹೋದಾಗ ಬ್ಲೇಡು ಒಂದು ಸುತ್ತು ಮುಗಿಸುತ್ತದೆ. ಜಿಗಿತ ಚಕ್ರದ ಪ್ರತಿ ಸುತ್ತಿಗೂ ಬಂದರೆ ತಪ್ಪು ಟೈರಿನದು ಅಥವಾ ಚಕ್ರದ್ದು. ಎರಡು ಸುತ್ತಿಗೊಮ್ಮೆ, ಬೆಸುಗೆಯ ಗುರುತು ಬಂದಾಗಲೇ ಬಂದರೆ ತಪ್ಪು ಬ್ಲೇಡಿನದು. ನಮ್ಮದು ಬೆಸುಗೆ. ಎರಡು ತುದಿಗಳನ್ನು ನೇರವಾಗಿ ಹಿಡಿಯದೆ ಬೆಸೆದದ್ದರಿಂದ ಬೆನ್ನಿನ ಅಂಚು ಅಲ್ಲಿ ಸಣ್ಣಗೆ ಡೊಂಕಾಗಿತ್ತು. ಗಿರಣಿಯ ಬೆಲ್ಟಿನ ಕ್ಲಿಪ್ಪು ನೆನಪಾಗಿ ಮೈ ಜುಮ್ಮೆಂದಿತು. ಇಷ್ಟು ವರ್ಷ ಆವರ್ತನ, ಕಂಪನ ಎಂದು ಬೋರ್ಡಿನ ಮೇಲೆ ಬರೆಸಿದ ಪಾಠವನ್ನು ಆಚಾರ್ರು ಒಂದು ಸೀಮೆಸುಣ್ಣದ ಚುಕ್ಕೆಯಲ್ಲಿ ಬಿಡಿಸಿದ್ದರು. ಬ್ಲೇಡು ಬದಲಿಸಿದೆವು, ಜಿಗಿತ ನಿಂತಿತು.

ಉಳಿದದ್ದು ಬ್ಲೇಡು ಉಬ್ಬಿನ ಮೇಲೆ ಎಲ್ಲಿ ಓಡಬೇಕೆನ್ನುವುದು. ಬ್ಲೇಡಿನ ನಡುವನ್ನು ಚಕ್ರದ ನಡುವಿಗೆ ತರುವುದು ರೂಢಿ. ಅಮೆರಿಕದ ಅಲೆಕ್ಸ್ ಸ್ನಾಡ್‌ಗ್ರಾಸ್ ಪ್ರದರ್ಶನಗಳಲ್ಲಿ ತೋರಿಸುವ ಕ್ರಮ ಬೇರೆ. ಹಲ್ಲುಗಳ ನಡುವಿನ ತಗ್ಗಿದೆಯಲ್ಲ, ಅದರ ಅತಿ ಆಳದ ಜಾಗ ಮೇಲಿನ ಚಕ್ರದ ನಟ್ಟನಡುವೆ ಬರಬೇಕು, ಬ್ಲೇಡಿನ ಬೆನ್ನು ಹಿಂದಕ್ಕೆ ಚಾಚಿದರೂ ಚಿಂತೆಯಿಲ್ಲ ಎನ್ನುತ್ತಾರೆ ಅವರು. ನಾನು ಎರಡನ್ನೂ ಮಾಡಿ ನೋಡಿದೆ. ಹಲಗೆ ಸೀಳಲು ಎರಡನೆಯದೇ ಮೇಲು ಎಂದು ನನ್ನ ಅನುಭವ. ಕಾರಣ ಹುಡುಕಿದರೆ ಮತ್ತೆ ಆ ಉಬ್ಬೇ ಸಿಗುತ್ತದೆ. ಉಬ್ಬಿನ ಇಳಿಜಾರಿನ ಮೇಲೆ ಕೂತ ಬ್ಲೇಡು ಆ ಇಳಿಜಾರಿನಷ್ಟೇ ಓರೆಯಾಗುತ್ತದೆ. ಚಕ್ರದ ಪಕ್ಕದಿಂದ ಕೆಳಗಿಳಿಯುವಾಗ ಆ ಓರೆಯೇ ಹಲ್ಲಿನ ಮುಖವನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ. ಹಲ್ಲಿನ ಬುಡ ಶಿಖರದ ಮೇಲಿದ್ದರೆ ಹಲ್ಲು ನೇರ ಮುಂದಕ್ಕೆ ನೋಡುತ್ತದೆ, ಎಳೆತವೂ ಹಲ್ಲಿನ ಅಂಚಿಗೇ ಹೆಚ್ಚು ಸಿಗುತ್ತದೆ.

ನನ್ನ ದಿಮ್ಮಿ ಸೀಳಿದ ಸಾ ಮಿಲ್ಲಿನ ದೊಡ್ಡ ಮಿಷನ್ನಿಗೆ ಈ ಲೆಕ್ಕ ಹಚ್ಚಬೇಡಿ. ಅಲ್ಲಿ ಬ್ಲೇಡು ಗೇಣಗಲ, ಚಕ್ರದ ಮೇಲೆ ರಬ್ಬರಿಲ್ಲ, ಹಲ್ಲು ಚಕ್ರದ ಅಂಚಿನಿಂದ ಹೊರಗೆ ಚಾಚಿರುತ್ತದೆ. ಒಳಗಿದ್ದರೆ ಎಡಬಲಕ್ಕೆ ಬಾಗಿಸಿದ ಹಲ್ಲುಗಳನ್ನು ಕಬ್ಬಿಣದ ರಿಮ್ಮು ಜಜ್ಜಿಹಾಕುತ್ತದೆ. ಅಲ್ಲಿ ಬ್ಲೇಡಿನ ನಡುಭಾಗವನ್ನೇ ರೋಲರಿನಲ್ಲಿ ಒತ್ತಿ ತುಸು ಹಿಗ್ಗಿಸಿ, ಅಂಚುಗಳು ಬಿಗಿಯಾಗಿರುವಂತೆ ಮಾಡುತ್ತಾರೆ. ಆ ಕೆಲಸಕ್ಕೇ ಬೇರೆ ಕಸುಬುದಾರರಿದ್ದಾರೆ.

ಸಂಜೆ ನಾಲ್ಕಕ್ಕೆ ಟೇಬಲ್ಲು ಮತ್ತೆ ಕೂತಿತು. ಗೈಡುಗಳನ್ನು ಕಾಗದದ ಸಂದು ಬಿಟ್ಟು ಹತ್ತಿರ ತಂದೆವು. ಮೂಲೆಮಟ್ಟ ಇಟ್ಟು ಟೇಬಲ್ಲು ಬ್ಲೇಡಿಗೆ ನೇರ ಮಾಡಿದೆವು. ಬಾಗಿಲುಗಳನ್ನು ಮುಚ್ಚಿದ ಮೇಲಷ್ಟೇ ಪ್ಲಗ್ಗು ಹಾಕಿದೆವು. ಅರ್ಧ ಹಾಳಾದ ಅದೇ ಹಲಸಿನ ಹಲಗೆಯ ಒಳ್ಳೆಯ ಬದಿಗೆ ಹತ್ತರಿ ಹೊಡೆದು, ಟೇಬಲ್ಲಿನ ಮೇಲೆ ಹಲಗೆಗೆ ಆಸರೆಯಾಗುವ ಫೆನ್ಸಿಗೆ ಒರಗಿಸಿ, ಒತ್ತದೆ ಮುಂದಕ್ಕೆ ಬಿಟ್ಟೆ. ಬ್ಲೇಡು ಗೀಟಿನ ಮೇಲೆಯೇ ಹೋಗಿ ಆ ತುದಿಯಲ್ಲಿ ಹೊರಬಂತು. ಅರಿಸಿನದ ಬಣ್ಣದ ತೆಳು ಹಲಗೆ ಕೈಗೆ ಬಂತು. ಆಚಾರ್ರು ಅದರ ದಪ್ಪವನ್ನು ಎರಡು ಬೆರಳಿನ ನಡುವೆ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆದು ನೋಡಿ, ಏನೂ ಹೇಳದೆ ನನ್ನ ಕೈಗಿತ್ತರು.

ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ರಾತ್ರಿ ಬ್ಲೇಡು ಸಡಿಲ ಮಾಡಿ ಮಲಗಿ" ಎಂದರು. ಬಿಗಿಯಲ್ಲೇ ಬಿಟ್ಟರೆ ಬ್ಲೇಡು ಒತ್ತಿದ ಕಡೆ ರಬ್ಬರು ತಗ್ಗಾಗುತ್ತದೆ, ಎಳೆತದ ಸ್ಪ್ರಿಂಗೂ ಸೋಲುತ್ತದೆ. ಅವತ್ತಿನಿಂದ ಸಂಜೆ ಸಡಿಲ ಮಾಡಿ, ಸಡಿಲಿದೆ ಎಂದು ಬರೆದ ಚೀಟಿಯನ್ನು ಸ್ವಿಚ್ಚಿಗೆ ಕಟ್ಟುತ್ತೇನೆ. ಬೆಳಿಗ್ಗೆ ಚೀಟಿ ಬಿಚ್ಚಿ, ಬಿಗಿ ಮಾಡಿ, ಚಕ್ರವನ್ನು ಕೈಯಲ್ಲಿ ಎರಡು ಸುತ್ತು ಮತ್ತು ಇನ್ನೊಂದಿಷ್ಟು ತಿರುಗಿಸಿ, ಬೆಸುಗೆ ಸದ್ದಿಲ್ಲದೆ ದಾಟಿ ಹೋಗುವುದನ್ನು ನೋಡಿಯೇ ಸ್ವಿಚ್ಚು ಹಾಕುತ್ತೇನೆ.